ಮುಅಲ್ಲಿಮಾ ಎಂದರೆ ಯಾರು?

ಇರ್ಬಿದ್, ಜೋರ್ಡಾನ್
ಮಂಗಳವಾರ, ೧೪ ಅಕ್ಟೋಬರ್ ೨೦೨೫

ಪ್ರೀತಿಯ ಬಾಬಾ,

ನಿಮ್ಮ ಮಗಳು ಇನಾಸ್ ಮಾಡುವ ಸಲಾಂ. ಸೌದಿಯ ಆ ದಮ್ಮಾಮಿನ ಸೆಕೆ ಈಗಲಾದರೂ ಇಳಿಯಿತೇ? ಎಡಮಂಡಿ ಹೇಗಿದೆ? ಫೋನಿನಲ್ಲಿ ಕೇಳಿದರೆ "ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ" ಅನ್ನುತ್ತೀರಿ. ಅಷ್ಟರಲ್ಲೇ ಮಂಚದಿಂದ ಏಳುವಾಗ ನರಳಿದ್ದು ಇಲ್ಲಿಯವರೆಗೆ ಕೇಳಿಸುತ್ತದೆ. ಮಂಡಿಯ ಪಟ್ಟಿ ಹಾಕುತ್ತಿದ್ದೀರೋ, ಇಲ್ಲ ದಿಂಬಿನ ಕೆಳಗೆ ಇಟ್ಟಿದ್ದೀರೋ? ಅಮ್ಮ ಈ ಸಲದ ಮಕ್ದೂಸ್ ಉಪ್ಪಿನಕಾಯಿ ಹಾಕಿ ಮುಗಿಸಿದಳು. ಬದನೆಕಾಯಿಗೆ ಅಕ್ರೋಟು ತುಂಬುತ್ತಾ ಕೂತರೆ ಅವಳಿಗೆ ಲೋಕದ ಪರಿವೆ ಇರುವುದಿಲ್ಲ. ಪಕ್ಕದ ಮನೆಯ ಸನದ್ ನಾಳೆ ದಮ್ಮಾಮಿನ ಬಸ್ಸಿಗೆ ಹೊರಡುತ್ತಾನೆ, ಅವನ ಕೈಯಲ್ಲಿ ಒಂದು ಜಾಡಿ ಮಕ್ದೂಸು, ಜೊತೆಗೆ ಈ ಪತ್ರ. ಎರಡನ್ನೂ ಕೂತುಕೊಂಡೇ ಬಿಚ್ಚಿ.

ದಿನಾ ಫೋನು ಮಾಡುವವಳು ಪತ್ರ ಯಾಕೆ ಬರೆದಳು ಎಂದು ಗಾಬರಿಯಾಗಬೇಡಿ. ಫೋನಿನಲ್ಲಿ ನಾಲ್ಕು ಸಲ ಶುರು ಮಾಡಿ ನಾಲ್ಕು ಸಲವೂ ಹವಾಮಾನದ ಮಾತಾಡಿ ಇಟ್ಟಿದ್ದೇನೆ. ಬಾಬಾ, ನಾನು ಯಾವ ಶಾಲೆಯಲ್ಲೂ ಪಾಠ ಹೇಳುತ್ತಿಲ್ಲ. ಒಂದು ದಿನವೂ ಹೇಳಿಲ್ಲ. ನಾಲ್ಕು ವರ್ಷದ ಹಿಂದೆ ಹೆಂಗಸರಿಗೆಂದೇ ನಲ್ಲಿ, ಪೈಪಿನ ಕೆಲಸ ಕಲಿಸುವ ತರಗತಿ ಇಲ್ಲಿ ನಡೆಯಿತು. ಅಲ್ಲಿ ಕಲಿತು ನಾನೂ ನಿಮ್ಮ ಕೆಲಸಕ್ಕೇ ಇಳಿದೆ. ಅಮ್ಮ ಖುಷಿಯಲ್ಲಿ ನಿಮಗೆ ಫೋನು ಮಾಡಿ "ಇನಾಸ್‌ನ ಈಗ ಎಲ್ಲರೂ ಮುಅಲ್ಲಿಮಾ ಅಂತಾರೆ" ಎಂದಳು. ಅಷ್ಟೇ ಅವಳು ಹೇಳಿದ್ದು. ಗಂಡಸನ್ನು ಮುಅಲ್ಲಿಮ್ ಅಂದರೆ ಮೇಸ್ತ್ರಿ, ಹೆಂಗಸನ್ನು ಮುಅಲ್ಲಿಮಾ ಅಂದರೆ ಶಾಲೆಯ ಟೀಚರು, ಪದ ಒಂದೇ. ಮೂವತ್ತು ವರ್ಷ ಮುಅಲ್ಲಿಮ್ ಎಂದು ಕರೆಸಿಕೊಂಡ ನಿಮಗೂ, ಮಗಳು ಮೇಸ್ತ್ರಿಯಾಗಿರಬಹುದು ಎಂದು ತೋಚಲಿಲ್ಲವಲ್ಲ! ಆಗಲೇ ನಿಮ್ಮ ಜೊತೆ ಕೋಣೆಯವರಿಗೆಲ್ಲ ಬಕ್ಲಾವಾ ಸಿಹಿ ಹಂಚಿಬಿಟ್ಟಿದ್ದಿರಿ. "ನಮ್ಮನೇಲಿ ಒಬ್ಬಳಾದ್ರೂ ಕೈಗೆ ಕೊಳೆ ಅಂಟದ ಕೆಲಸ ಹಿಡಿದಳು" ಎಂದು ಫೋನಿನಲ್ಲಿ ಎರಡೆರಡು ಸಲ ಹೇಳಿದಿರಿ. ಅದನ್ನು ಕೇಳಿದ ಮೇಲೆ ಅಲ್ಲ ಅನ್ನಲು ಯಾರಿಗೆ ಬಾಯಿ ಬರುತ್ತದೆ? "ಮಕ್ಕಳು ಮಾತು ಕೇಳ್ತಾವಾ?" ಎಂದು ನೀವು ಕೇಳಿದಾಗಲೆಲ್ಲ "ಕೇಳ್ತಾವೆ ಬಾಬಾ" ಎಂದು ನಾನು ಹೇಳಿದ್ದು ನಲ್ಲಿಗಳ ವಿಷಯ. ತಪ್ಪು ನನ್ನದೇ. ಬೈಯಿರಿ.

ಈಗ ವಿಷಯ ಅಲ್ಲಿಗೇ ನಿಂತಿಲ್ಲ. ನಾನು ಕೆಲಸ ಮಾಡುವ ವಸತಿ ಸಮುಚ್ಚಯದಲ್ಲಿ ಹನ್ನೊಂದು ಕಟ್ಟಡಗಳಿವೆ. ನೀರು, ಚರಂಡಿ, ದೀಪ, ಬಾಗಿಲು, ಬಣ್ಣ ಎಲ್ಲದರ ರಿಪೇರಿ ನೋಡಿಕೊಳ್ಳುವ ಮುಖ್ಯಸ್ಥ ಅಬೂ ನಿಝಾರ್ ಈ ತಿಂಗಳು ನಿವೃತ್ತರಾಗುತ್ತಾರೆ. ಅವರ ಜಾಗಕ್ಕೆ ನೀನೇ ಬಾ ಎಂದು ನನ್ನನ್ನು ಕೇಳಿದ್ದಾರೆ. ಕೈಕೆಳಗೆ ಆರು ಜನ ಗಂಡಸರು. ಭಾನುವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಬೆಳಗ್ಗೆ ಹೂಂ ಅನ್ನಿಸುತ್ತದೆ, ಮಧ್ಯಾಹ್ನ ಊಟದ ಹೊತ್ತಿಗೆ ನನಗೆ ಹುಚ್ಚು ಹಿಡಿದಿದೆಯೇ ಅನ್ನಿಸುತ್ತದೆ.

ಎರಡು ವಾರ ಪರೀಕ್ಷೆಗೆಂದು ನಡೆಸಿ ನೋಡಿದೆ. ಮೊದಲ ದಿನವೇ ಮಾನ ಹೋಯಿತು. ಇಷ್ಟು ವರ್ಷ ಒಬ್ಬಳೇ ಮನೆಗಳಿಗೆ ಹೋಗಿ ಬಂದವಳು ನಾನು. ಗಂಡಸು ಮನೆಯಲ್ಲಿಲ್ಲದಾಗಲೂ ಹೆಂಗಸರು ನನಗೆ ಧೈರ್ಯವಾಗಿ ಬಾಗಿಲು ತೆಗೆಯುತ್ತಾರೆ, ನನ್ನ ಬೇಡಿಕೆಯೇ ಅದರಿಂದ. ಅಂದು ಉಮ್ ಸುಫ್ಯಾನಳ ಮನೆಯ ಗಂಟೆ ಒತ್ತಿ, ಬಾಗಿಲು ತೆರೆದ ಕೂಡಲೇ ಅಭ್ಯಾಸದಂತೆ ನುಗ್ಗಿದೆ. ಹಿಂದೆ ಇಬ್ಬರು ಆಳುಗಳಿದ್ದದ್ದು ಮರೆತೇಹೋಗಿತ್ತು! ಒಳಗಿನವರು ಮರೆಯಾಗಲಿ ಎಂದು ಗಂಡಸರು "ಯಾ ಸಾತಿರ್" ಎಂದು ಕೂಗುತ್ತಾರಲ್ಲ, ನಾನು ಕೂಗುತ್ತೇನೆಂದು ಅವರು, ಅವರು ಕೂಗುತ್ತಾರೆಂದು ನಾನು. ತಲೆಗೆಲ್ಲ ಮೆಹಂದಿ ಮೆತ್ತಿಕೊಂಡು, ತೋಳಿಲ್ಲದ ಗೌನಿನಲ್ಲಿದ್ದ ಆಕೆ ಕಿರುಚಿ ಅಡುಗೆಮನೆಗೆ ಓಡಿದಳು. ಅಲ್ಲಿಂದಲೇ "ಯಾ ಸಾತಿರ್ ಅನ್ನಕ್ಕೆ ನಿನ್ನ ಬಾಯಿಗೇನು ಬೀಗ ಬಿದ್ದಿತ್ತಾ? ನೀನು ಹೆಂಗಸು ಅಂತ ಬಾಗಿಲು ತೆಗೆದ್ರೆ ಮೆರವಣಿಗೇನೇ ತಂದಿದೀಯಲ್ಲೇ" ಎಂದು ಬೈದಳು. ಮರುದಿನ ಇನ್ನೊಂದು ಮನೆಯ ಮುಂದೆ ನಾನೇ ಜೋರಾಗಿ "ಯಾ ಸಾತಿರ್" ಎಂದು ಕೂಗಿದೆ. ಒಳಗಿದ್ದ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು: "ನಿನ್ನಿಂದ ನಾನ್ಯಾಕೆ ಅಡಗಿಕೊಳ್ಳಲಿ ಮಗಳೇ?" ಕೂಗಿದರೂ ತಪ್ಪು, ಕೂಗದಿದ್ದರೂ ತಪ್ಪು. ನಾನು ಯಾವ ಜಾತಿಯ ಪ್ರಾಣಿ ಎಂದು ನನಗೇ ತಿಳಿಯದಂತಾಗಿದೆ.

ಆಳುಗಳಲ್ಲಿ ಹಿರಿಯರು ಅಬೂ ಅಯ್ಸರ್, ಕರೆಂಟಿನ ಕೆಲಸದವರು. ನಾನು ಬಂದ ಕೂಡಲೇ "ಟೀಚರಮ್ಮಾ, ಹೋಮ್‌ವರ್ಕ್ ಮಾಡಿಲ್ಲ, ಬೆಂಚಿನ ಮೇಲೆ ನಿಂತ್ಕೊಳ್ಳಲಾ?" ಎಂದು ಉಳಿದವರನ್ನು ನಗಿಸುತ್ತಾರೆ. ಕಳೆದ ಗುರುವಾರ ಆರನೇ ಕಟ್ಟಡದ ಮಾಳಿಗೆಯ ಟ್ಯಾಂಕು ಒಡೆದು, ವಾರಕ್ಕೊಮ್ಮೆ ಬರುವ ನೀರೆಲ್ಲ ಮೆಟ್ಟಿಲ ಮೇಲೆ ಹರಿಯತೊಡಗಿತು. ಯಾರು ಏನು ಮಾಡಬೇಕೆಂದು ಮೂರು ಮಾತಿನಲ್ಲಿ ಹೇಳಿ, ನಾನೂ ತೋಳೇರಿಸಿ ಇಳಿದೆ. ಅರ್ಧ ಟ್ಯಾಂಕು ನೀರು ಉಳಿಯಿತು. ಅಬೂ ಅಯ್ಸರ್ ಕಾಲುಚೀಲ ಹಿಂಡಿಕೊಳ್ಳುತ್ತಾ "ಮುಂದೇನ್ ಮಾಡಣ, ಮುಅಲ್ಲಿಮಾ?" ಎಂದರು. ಆ ಸಲ ಯಾರೂ ನಗಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ ನಿಮಗೆ ಹೇಳಬೇಕೆನ್ನಿಸಿತು, ಹೇಳಲಾರೆನಲ್ಲ ಎಂದು ಅಳುವೂ ಬಂತು.

ಅಮ್ಮನನ್ನು ಕೇಳಿದರೆ "ನಿಮ್ಮಪ್ಪಂಗೆ ಹೇಳದೆ ಸಹಿ ಹಾಕಿದ್ಯೋ, ಅವರ ಫೋನು ನಾನು ಎತ್ತಲ್ಲ, ನೀನೇ ಎತ್ತು" ಎನ್ನುತ್ತಾಳೆ. ಅದಕ್ಕೇ ಹೇಳಿದ್ದೇನೆ. ಈ ಕೆಲಸ ನನಗೆ ಬೇಕು ಬಾಬಾ. ನಿಮಗೆ ನೋವಾಗುವುದು ಬೇಡ. ಎರಡೂ ಒಟ್ಟಿಗೆ ಹೇಗೆ ಆಗುತ್ತದೆಂದು ತಲೆ ಓಡುತ್ತಿಲ್ಲ.

ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ. ಕೋಣೆಯವರಿಗೆಲ್ಲ ನನ್ನ ಸಲಾಂ ಹೇಳಿ. ದೇವರು ನಿಮ್ಮನ್ನು ನಮ್ಮ ತಲೆಯ ಮೇಲೆ ಸದಾ ನೆರಳಾಗಿ ಇಟ್ಟಿರಲಿ.

ನಿಮ್ಮ ಕೈಗೆ ಮುತ್ತಿಡುವ,
ಇನಾಸ್

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಪತ್ರ ಇಸಿದುಕೊಳ್ಳಲು ಸನದ್ ಹೊರಗೆ ಕಾಯುತ್ತಿದ್ದಾನೆ. ಪೈಪಿನ ಕೆಲಸಕ್ಕೆ ಹೊಸಬರೊಬ್ಬರು ಬೇಕೆಂದಾಗ ಬಂದ ಅರ್ಜಿಗಳನ್ನು ಅಬೂ ನಿಝಾರ್ ನಿನ್ನೆ ನನಗೆ ಕೊಟ್ಟರು. ಮೂರನೆಯದು ನಿಮ್ಮದು. ನಿಮ್ಮದೇ ಕೈಬರಹ. ನಿಮ್ಮ ಹೆಸರು ನೋಡಿ ಅಬೂ ನಿಝಾರ್ ಚಹಾಕ್ಕೆ ಎದ್ದು ಹೋದರು. ಮೂರು ತಿಂಗಳಿಂದ ನಿಮಗೆ ದಮ್ಮಾಮಿನಲ್ಲಿ ಕೆಲಸವಿಲ್ಲ ಎಂದು ಅದರಲ್ಲಿದೆ. ಅಮ್ಮನಿಗೆ ನಾನು ಹೇಳಿಲ್ಲ. ಸನದ್‌ಗೂ ಕೆಲಸದ ಜಾಗಕ್ಕೆ ಹೋಗಬೇಡ, ನೇರ ಕೋಣೆಗೇ ಹೋಗು ಎಂದಿದ್ದೇನೆ. ನಾನು ಊಹೂಂ ಎಂದರೆ ಮುಖ್ಯಸ್ಥನ ಜಾಗಕ್ಕೆ ಬರುವವನು ಐವತ್ತು ದಾಟಿದವರು ಬೇಡ ಎಂದು ಈಗಲೇ ಹೇಳಿದ್ದಾನೆ. ನಾನು ಹೂಂ ಎಂದರೆ ನಿಮ್ಮನ್ನು ತೆಗೆದುಕೊಳ್ಳಬಲ್ಲೆ. "ಊರಲ್ಲಿ ಕೆಲಸ ಸಿಕ್ಕರೆ ಸಾಕು, ಯಾರ ಕೈಕೆಳಗಾದರೂ ಸರಿ" ಎಂದು ಕೊನೆಗೆ ಬರೆದಿದ್ದೀರಿ. ಭಾನುವಾರದೊಳಗೆ ಫೋನು ಮಾಡಿ ಇಷ್ಟು ಹೇಳಿ ಬಾಬಾ: ಆ 'ಯಾರ' ಎಂಬುದರಲ್ಲಿ ನಾನೂ ಸೇರಿದ್ದೇನೆಯೇ?