ಬಸ್ ಸ್ಟ್ಯಾಂಡಿನ ವಿಡಿಯೊ

ಜೂನ್ 16, 2008, ಸೋಮವಾರ

ನನ್ನ ಸೆಕೆಂಡ್ ಪಿಯು ಮಕ್ಕಳಿಗೆ ಇವತ್ತು ಮೊದಲ ಕೆಮಿಸ್ಟ್ರಿ ಪ್ರಾಕ್ಟಿಕಲ್ಸ್. ಪಿಪೆಟ್‌ನಲ್ಲಿ ದ್ರಾವಣ ಎಳೆಯಲು ಹೋಗಿ ಒಬ್ಬಳು ಕುಡಿದೇಬಿಟ್ಟಳು. ಉಪ್ಪುನೀರಿನಂಥದ್ದೇ, ಭಯವಿಲ್ಲ. ಎಲ್ಲರೂ ನಕ್ಕೆವು. ಲ್ಯಾಬ್‌ನಲ್ಲಿದ್ದಾಗ ನನಗೆ ಬೇರೇನೂ ನೆನಪಾಗುವುದಿಲ್ಲ.

ಮನೆಗೆ ಬಂದರೆ ಅಮ್ಮನದು ಅದೇ ಪ್ರಶ್ನೆ. "ಮಾತ್ರೆ ತಗೊಂಡ್ಯಾ ಮಿತ್ರಾ?" ಒಂಬತ್ತನೇ ಕ್ಲಾಸಿನಿಂದಲೂ ಫಿಟ್ಸ್ ಮಾತ್ರೆ. ಆದರೂ ಆಗಾಗ ಬೀಳುತ್ತೇನೆ. ಹೊರಗೆ ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ಮದುವೆಯಾಗುವುದಿಲ್ಲ ಅಂತ ಅಮ್ಮ. ಕೆಲಸ ಹೋಗುತ್ತದೆ ಅಂತ ಅಪ್ಪ.

ಜೂನ್ 22, ಭಾನುವಾರ

ನಿನ್ನೆ ಬಿದ್ದೆ. ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ. ಅಷ್ಟು ಜನರ ನಡುವೆ.

ಭದ್ರಾವತಿ ಬಸ್ಸಿಗೆ ಕಾಯುತ್ತಿದ್ದೆ. ಬೆನ್ನ ಹಿಂದೆಯೇ ಯಾವುದೋ ಬಸ್ಸು ಹಾರನ್ ಹೊಡೆಯಿತು. ಅಷ್ಟೇ ನೆನಪು. ಕಣ್ಣು ಬಿಟ್ಟಾಗ ಕೈಯಲ್ಲಿ ಯಾರದೋ ಬೀಗದ ಕೈ ಗೊಂಚಲು. ಮುಖದ ಮೇಲೆಲ್ಲ ನೀರು. ಸೀರೆ ಮೊಣಕಾಲಿನವರೆಗೆ... ಹೂ ಮಾರುವ ಹೆಂಗಸೊಬ್ಬರು ಎಳೆದು ಸರಿ ಮಾಡುತ್ತಿದ್ದರು. "ಯಾವೂರವ್ವ ನಿಂದು?" ಭದ್ರಾವತಿ ಅಂದೆ. ಸುತ್ತ ನಿಂತವರ ಮುಖ ನೋಡದೆ ಬಸ್ ಹತ್ತಿದೆ.

ಜೂನ್ 26, ಗುರುವಾರ

ಹಿಂದಿನ ಬೆಂಚಿನಲ್ಲಿ ಡೆಸ್ಕ್ ಕೆಳಗೆ ಮೊಬೈಲ್. ಬೋರ್ಡಿನ ಕಡೆ ತಿರುಗಿದರೆ ನಗು. ಕಾರಣ ಗೊತ್ತಾಗಲಿಲ್ಲ.

ಸಂಜೆ ಗೊತ್ತಾಯಿತು. ತಮ್ಮ ಆನಂದ್ ಮೋಟಾರ್ ರಿಪೇರಿ ಅಂಗಡಿಯಿಂದ ಬಂದ, ಅಂಗಿ ಹರಿದಿತ್ತು. ಅಮ್ಮ ಕೆದಕಿ ಕೆದಕಿ ಕೇಳಿದ ಮೇಲೆ ಬಾಯಿಬಿಟ್ಟ. ಮೊಬೈಲಿಗೆ ಹಾಡು ತುಂಬಿಕೊಡುವ ಅಂಗಡಿಯೊಂದರ ಕಂಪ್ಯೂಟರಿನಲ್ಲಿ ನಾನು ಬಿದ್ದ ವಿಡಿಯೊ ಇತ್ತಂತೆ. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಇಬ್ಬರು ಹೊಸ ಮೊಬೈಲಿನಲ್ಲಿ ವಿಡಿಯೊ ತೆಗೆದು ನೋಡುತ್ತಿದ್ದರಂತೆ. ಹಿಂದೆ ನಾನು ನಿಂತಿದ್ದೆ. ಬಿದ್ದ ಮೇಲೆ ನನ್ನ ಕಡೆಗೇ ತಿರುಗಿಸಿದ್ದಾರೆ. ಬ್ಲೂಟೂತ್‌ನಲ್ಲಿ ಒಬ್ಬರಿಂದ ಒಬ್ಬರಿಗೆ... ಊರು ತುಂಬಾ.

"ಅಂಗಡಿಯವನ ಕಾಲರ್ ಹಿಡ್ದೆ. ಕಣ್ಣೆದುರೇ ಡಿಲೀಟ್ ಮಾಡ್ಸಿದೀನಿ. ಗೊತ್ತಿರೋ ಹುಡುಗ್ರ ಮೊಬೈಲ್‌ನಲ್ಲೂ ಅಳಿಸ್ದೆ. ನೀನು ಯೋಚ್ನೆ ಮಾಡ್ಬೇಡ ಅಕ್ಕ."

ಎಷ್ಟು ಅಂತ ಅಳಿಸುತ್ತಾನೆ.

ಜೂನ್ 27, ಶುಕ್ರವಾರ

ಪ್ರಿನ್ಸಿಪಾಲರು ಕರೆಸಿದರು. "ಪೇರೆಂಟ್ಸ್ ಫೋನ್ ಮಾಡ್ತಿದಾರಮ್ಮ. ಲ್ಯಾಬ್‌ನಲ್ಲಿ ಆಸಿಡ್ ಇರುತ್ತೆ, ಬರ್ನರ್ ಇರುತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು." ಲ್ಯಾಬ್ ಇನ್ನೊಬ್ಬರಿಗೆ. ನನಗೆ ಥಿಯರಿ ಮಾತ್ರ, ಅದೂ ಸದ್ಯಕ್ಕೆ.

ಲ್ಯಾಬ್ ಕೀ ಕೊಟ್ಟು ಬಂದೆ.

ಜುಲೈ 5, ಶನಿವಾರ

ಬರೆಯುವ ಮನಸ್ಸೇ ಇರಲಿಲ್ಲ. ಬುಧವಾರ ಅಡುಗೆಮನೆಯಲ್ಲಿ ಮತ್ತೆ ಬಿದ್ದೆ. ಕುಕ್ಕರ್ ಕೂಗಿದ್ದು ನೆನಪು. ಹಣೆಗೆ ಹೊಲಿಗೆ. ಇನ್ನು ಹಳೇ ಡಾಕ್ಟರು ಸಾಕು ಅಂತ ಆನಂದ್ ಹಟ ಹಿಡಿದ. ಇವತ್ತು ಅವನು, ಅಮ್ಮ, ನಾನು ಶಿವಮೊಗ್ಗಕ್ಕೆ. ರವೀಂದ್ರನಗರದಲ್ಲಿ ಡಾ. ಹರ್ಷವರ್ಧನ ಅಂತ, ಹೊಸಬರು.

ಹಳೇ ಚೀಟಿಗಳನ್ನೆಲ್ಲ ಓದಿದರು. "ಇವರು ಬೀಳೋದನ್ನ ನೋಡಿದವರು ಯಾರು?"

ಅಮ್ಮ ಶುರುಮಾಡಿದಳು. ಕೈ ಅದುರಿದ್ದು, ಕಣ್ಣು ಮೇಲಾಗಿದ್ದು...

"ಅದು ಬಿದ್ದ ಮೇಲಿಂದು. ಬೀಳೋಕೆ ಮುಂಚೆ ಏನಾಯ್ತು ಅನ್ನೋದು ಬೇಕು. ಮೈ ಬಿಗಿಯಿತಾ, ಸುಮ್ನೆ ಕುಸಿದ್ರಾ? ಮುಖ ಹೇಗಿತ್ತು?"

ಯಾರಿಗೂ ಗೊತ್ತಿಲ್ಲ. ಯಾವಾಗಲೂ ಸದ್ದಾದ ಮೇಲೆ ಓಡಿ ಬಂದವರೇ.

ಆನಂದ್ ತಲೆ ತಗ್ಗಿಸಿದ್ದ. "ಒಂದು ವಿಡಿಯೊ ಇತ್ತು ಸಾರ್."

"ಇತ್ತು ಅಂದ್ರೆ?"

"ನಾನೇ ಅಳಿಸಿಬಿಟ್ಟೆ."

ಡಾಕ್ಟರು ಚೀಟಿಗಳನ್ನು ಪಕ್ಕಕ್ಕೆ ಸರಿಸಿದರು. "ಎಲ್ಲಾದ್ರೂ ಒಂದು ಕಾಪಿ ಉಳಿದಿದ್ರೆ ತಗೊಂಡ್ಬನ್ನಿ. ಎಷ್ಟೇ ಕೆಟ್ಟದಾಗಿರ್ಲಿ."



ಜುಲೈ 7, ಸೋಮವಾರ

ನಿನ್ನೆಯೆಲ್ಲ ಆನಂದ್ ಸುತ್ತಿದ. ಯಾರ ಹತ್ತಿರವೂ ಇಲ್ಲವಂತೆ. ಇವನನ್ನು ಕಂಡರೆ ಮೊಬೈಲ್ ಜೇಬಿಗೆ ಹೋಗುತ್ತದೆ.

ಇವತ್ತು ಸ್ಟಾಫ್ ರೂಮಿನಲ್ಲಿ ಎದ್ದು ನಿಂತು ಕೇಳಿದೆ. "ನಾನು ಬಿದ್ದಿದ್ದರ ವಿಡಿಯೊ ಯಾರ ಹತ್ರ ಇದೆ? ಡಾಕ್ಟರಿಗೆ ತೋರಿಸ್ಬೇಕು." ಕನ್ನಡದ ಜಂಬಣ್ಣ ಸರ್ ಪೇಪರ್ ಎತ್ತಿ ಮುಖಕ್ಕೆ ಹಿಡಿದರು. ಉಳಿದವರು ಕ್ಲಾಸಿಗೆ ಎದ್ದರು. ಕೂತುಕೊಂಡೆ.

ಸಂಜೆ ಗೇಟಿನ ಹತ್ತಿರ ವಾಣಿ ಹಿಂದಿನಿಂದ ಬಂದಳು. ಬಯಾಲಜಿಯವಳು. ದಿನಾ ಒಟ್ಟಿಗೆ ಊಟ ಮಾಡುತ್ತೇವೆ.

"ನನ್ ಹತ್ರ ಇದೆ ಕಣೆ."

"ಯಾಕೆ ಇಟ್ಕೊಂಡಿದ್ದೆ?"

"ಗೊತ್ತಿಲ್ಲ ಮಾರಾಯ್ತಿ. ಅಳಿಸೋಣ ಅಂದ್ಕೊಂಡೆ. ಅಳಿಸ್ಲಿಲ್ಲ." ಕಣ್ಣು ತುಂಬಿತ್ತು.

ನನ್ನ ಮೊಬೈಲಿನಲ್ಲಿ ಬ್ಲೂಟೂತ್ ಇಲ್ಲ. ಮೆಮೊರಿ ಕಾರ್ಡನ್ನೇ ತೆಗೆದುಕೊಟ್ಟಳು. ಥ್ಯಾಂಕ್ಸ್ ಅನ್ನಬೇಕೋ ಬೇಡವೋ ತಿಳಿಯಲಿಲ್ಲ. ಅನ್ನಲಿಲ್ಲ.

ಜುಲೈ 8, ಮಂಗಳವಾರ

ಡಾಕ್ಟರು ಕಂಪ್ಯೂಟರಿನಲ್ಲಿ ಹಾಕಿ ನೋಡಿದರು. ನಾನು ಗೋಡೆ ನೋಡುತ್ತಿದ್ದೆ. ಸದ್ದು ಮಾತ್ರ ಕೇಳಿತು. ಹಾರನ್. ಅಯ್ಯಯ್ಯೋ ಅಂತ ಯಾರೋ. ಕಬ್ಬಿಣ ಕೊಡ್ರೀ ಕೈಗೆ. ಹತ್ತಿರದಲ್ಲೇ ಒಬ್ಬ ನಗುತ್ತಿದ್ದಾನೆ. ಡಾಕ್ಟರು ಮತ್ತೆ ಹಾಕಿದರು. ಮತ್ತೆ.

"ಹಾರನ್ ಆದ ತಕ್ಷಣ ಮುಖ ಬಿಳುಚಿಕೊಳ್ಳುತ್ತೆ. ಹಾಗೇ ಕುಸಿತೀರಿ. ಕೈ ಅದುರೋದು ಆಮೇಲೆ, ಅದೂ ಸ್ವಲ್ಪವೇ. ಎದ್ದ ಕೂಡ್ಲೇ ಊರಿನ ಹೆಸರು ಹೇಳ್ತೀರಿ, ಫಿಟ್ಸ್ ಆದ್ರೆ ಅಷ್ಟು ಬೇಗ ಮಂಕು ಇಳಿಯಲ್ಲ. ಫಿಟ್ಸ್ ಅಲ್ಲ ಅನ್ಸುತ್ತೆ ಇದು. ಹಾರ್ಟ್ ನೋಡೋಣ."

ಅಲ್ಲೇ ಇಸಿಜಿ ತೆಗೆದರು. ಪಟ್ಟಿಯನ್ನು ಬಹಳ ಹೊತ್ತು ನೋಡಿದರು. ಹೃದಯದ ಒಳಗಿನ ಕರೆಂಟು ಪ್ರತಿ ಬಡಿತದ ನಂತರ ಮತ್ತೆ ಸಿದ್ಧವಾಗಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದೆಯಂತೆ. ದಿಢೀರ್ ಸದ್ದಾದರೆ ಬಡಿತ ತಾಳ ತಪ್ಪುತ್ತದೆ. ಹುಟ್ಟಿನಿಂದಲೇ, ಮನೆತನದಿಂದಲೇ ಬಂದಿರಬಹುದು.

"ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದಾರಾ?"

ಅಮ್ಮ ಸೆರಗಿನ ತುದಿ ಸುತ್ತುತ್ತಾ ಕೂತಳು. "ನನ್ ತಂಗಿ ಕಾಳಮ್ಮ. ಮದ್ವೆಯಾದ ವರ್ಷ. ಬೆಳಗ್ಗೆ ಅಲಾರಂ ಹೊಡೀತು, ಎದ್ದು ಕೂತ್ಲಂತೆ, ಹಾಗೇ ಬಿದ್ಲಂತೆ. ಗಾಳಿ ಸೋಕ್ತು ಅಂದ್ರು."

ಚಿಕ್ಕಮ್ಮ ಜ್ವರದಿಂದ ಹೋದಳು ಅಂತಲೇ ನಾನು ತಿಳಿದಿದ್ದು.

ಈ ಡಾಕ್ಟರ ಗುರುಗಳು ಬೆಂಗಳೂರಿನಲ್ಲಿ ಹೃದಯದ ಡಾಕ್ಟರಂತೆ. "ಇಸಿಜಿ ಸ್ಕ್ಯಾನ್ ಮಾಡಿ, ವಿಡಿಯೊ ಜೊತೆ ಈಗ್ಲೇ ಮೇಲ್ ಮಾಡ್ತೀನಿ. ಕಳಿಸ್ಲಾ? ನೀವು ಬೇಡ ಅಂದ್ರೆ ವಿಡಿಯೊ ಕಳಿಸಲ್ಲ."

ಈ ವಿಡಿಯೊ ಬಗ್ಗೆ ನನ್ನನ್ನು ಕೇಳಿದ ಮೊದಲ ಮನುಷ್ಯ. ಕಳಿಸಿ ಅಂದೆ. ಬಾತ್‌ರೂಮಿಗೆ ಹೋಗಿ ಅತ್ತೆ.

ಜುಲೈ 10, ಗುರುವಾರ

ಬೆಂಗಳೂರಿನಿಂದ ಉತ್ತರ ಬಂದಿದೆ. ಅದೇ ಕಾಯಿಲೆ. ಹೊಸ ಮಾತ್ರೆ ಶುರು. ಹಳೆಯದನ್ನು ಮೆಲ್ಲಗೆ ಬಿಡಿಸುತ್ತಾರಂತೆ. ಮುಂದಿನ ವಾರ ಬೆಂಗಳೂರಿಗೆ ಹೋಗಬೇಕು. ಇಷ್ಟು ವರ್ಷ ನುಂಗಿದ್ದೆಲ್ಲ ಯಾತಕ್ಕೆ? ಅಮ್ಮನ ಮುಂದೆ ಕೇಳಲಿಲ್ಲ. ಅವಳು ಒಂದು ದಿನವೂ ಮರೆಯದೆ ಕೊಟ್ಟವಳು.

ಪ್ರಿನ್ಸಿಪಾಲರಿಗೆ ಹೇಳಿದೆ, ಫಿಟ್ಸ್ ಅಲ್ಲ ಅಂತ. "ಹಾರ್ಟಾ?" ಅಂದರು. ಅದಕ್ಕೆ ಇನ್ನೂ ಹೆದರಿದರು. ಲ್ಯಾಬ್ ಕೀ ಸಿಗಲಿಲ್ಲ.

ಬಸ್ಸಿನಲ್ಲಿ ಎದುರು ಸೀಟಿನ ಹುಡುಗಿ ನನ್ನನ್ನು ನೋಡಿದಳು. ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಇನ್ನೂ ತಿರುಗುತ್ತಲೇ ಇದೆ ಆ ವಿಡಿಯೊ. ಯಾವ ಊರಿನವರೆಗೆ ಹೋಗಿದೆಯೋ.

ಜುಲೈ 12, ಶನಿವಾರ, ಸಂಜೆ

ಅಮ್ಮನ ಇಸಿಜಿಯನ್ನೂ ಆನಂದ್‌ನದನ್ನೂ ಬೆಳಗ್ಗೆ ತೆಗೆಸಿದೆವು. ಡಾಕ್ಟರು ಅವನ್ನೂ ಬೆಂಗಳೂರಿಗೆ ಮೇಲ್ ಮಾಡಿದ್ದಾರೆ. ಸಂಜೆಯೊಳಗೆ ಮೆಸೇಜ್ ಮಾಡುತ್ತೇನೆ ಅಂದಿದ್ದರು.

"ನಂಗೇನಾಗಿದೆ ಬಿಡೇ. ಯಾವತ್ತಾದ್ರೂ ಬಿದ್ದಿದೀನಾ ನಾನು?" ಅಂದ ಆನಂದ್. ಹಿತ್ತಲಿನಲ್ಲಿ ಬೈಕ್ ತೊಳೆಯುತ್ತಿದ್ದಾನೆ, ಏನೋ ಗುನುಗಿಕೊಂಡು. ಅಪ್ಪ ನನಗಾಗಿ ಕಾಲಿಂಗ್ ಬೆಲ್ ಕಿತ್ತುಹಾಕಿದ್ದಾರೆ. ಮೊಬೈಲ್ ಸೈಲೆಂಟ್‌ನಲ್ಲಿ ಮೇಜಿನ ಮೇಲಿದೆ.

ಬೆಳಕು ಬಂತು. ಡಾಕ್ಟರದೇ.

ಓದಿದೆ. ಅಮ್ಮನಿಗೆ ಇದೆ. ಆನಂದ್‌ಗೂ.

ಅಪ್ಪ ಒಳಗಿನಿಂದ ಬಂದು "ಆನಂದಾ" ಅಂತ ಕೂಗಲು ಬಾಯಿ ತೆರೆದರು, ಕೈ ಅಡ್ಡ ಹಿಡಿದೆ. ಇನ್ನು ಅವನನ್ನು ಕೂಗಿ ಕರೆಯುವ ಹಾಗಿಲ್ಲ. ಹಿತ್ತಲಿಗೆ ನಾನೇ ಹೋಗಿ, ಎದುರಿಗೆ ನಿಂತು, ಮೆಲ್ಲಗೆ ಹೇಳಬೇಕು.