ಫೋನಿನಲ್ಲಿ ತೋರಿಸಿದ ಮುಖ

ಕಟ್ಟೆಮಳಲವಾಡಿ
೧೨-೧೦-೨೦೨೪

ಹತ್ತು ಸಲ ಒದ್ದರೂ ಸ್ಟಾರ್ಟ್ ಆಗದ ಕೆಂಪು ಬೈಕಿನ ಸಾರ್ವಭೌಮರೂ, ಅಜ್ಜಿಯ ಬೈಗುಳಕ್ಕೆ ಖಾಯಂ ವಾರಸುದಾರರೂ, ಅಳಿಯನ ಕಿವಿ ಹಿಂಡುವ ಸರ್ವಾಧಿಕಾರ ಉಳ್ಳವರೂ ಆದ ಶ್ರೀಮನ್ಮಹಾಮಾವ ದೇವಯ್ಯನವರ ದಿವ್ಯ ಪಾದಗಳಿಗೆ ಕಿರಣನ ಸಾಷ್ಟಾಂಗ ನಮಸ್ಕಾರಗಳು. ಈ ಕಾಗದವನ್ನು ತಮಗಿಂತ ಮೊದಲು ಓದುವ ಜೈಲಿನ ಸಾಹೇಬರಿಗೂ ಅರ್ಧ ನಮಸ್ಕಾರ.

ತಮ್ಮ ಬೆನ್ನುನೋವು ಕಮ್ಮಿಯಾಯ್ತಾ? ಅಲ್ಲಿ ಕೊಡುವ ಮುದ್ದೆ ಗಟ್ಟಿ ಇದೆಯೋ, ಗೋಂದಿನ ಥರವೋ ಅಂತ ಅಜ್ಜಿ ಕೇಳಿದ್ದಾಳೆ. ಅವಳು ಚೆನ್ನಾಗಿದ್ದಾಳೆ ಅಂತ ಬರೆಯಲು ಅಪ್ಪಣೆಯಾಗಿದೆ. ಉಣ್ಣದೆ ಕೂತು ಅಪ್ಪಣೆ ಮಾಡಿದ್ದಾಳೆ.

ಇನ್ನು ರಾಜ್ಯದ ಸಮಾಚಾರ. ನೀನು ಸರ ಕಿತ್ತೆ ಅಂತ ದೂರು ಕೊಟ್ಟ ಬೀರಮ್ಮನ ಮನೆಗೆ ಹೋಗಿದ್ದೆ. ಜಗಳಕ್ಕಲ್ಲ, ಆಣೆ. ಮಜ್ಜಿಗೆ ಕೊಟ್ಟು ಅತ್ತಳು. “ಮುಖ ಎಲ್ಲಿ ನೋಡ್ದೆ ಮಗ, ಎಲ್ಮೆಟ್ ಆಕಿದ್ದ. ಕೆಂಪು ಬೈಕು ಅಂದೆ ಅಷ್ಟೇಯ. ಆಮೇಲೆ ಪೊಲೀಸಪ್ಪ ಫೋನಲ್ಲಿ ನಿಮ್ಮಾವನ ಫೋಟೊ ಇಡ್ದು, ಇವ್ನೇ ತಾನೆ, ಇವ್ನೇ ತಾನೆ ಅಂದ. ಈಗ ಕಣ್ಮುಚ್ಚುದ್ರೆ ಅದೇ ಮುಖ ಬತ್ತದೆ ಕಣಪ್ಪ.” ಅವಳು ಸುಳ್ಳು ಹೇಳ್ತಿಲ್ಲ ಮಾವ, ಅದೇ ನನಗೆ ಭಯ. ಸುಳ್ಳಾಗಿದ್ದರೆ ಎಲ್ಲಾದರೂ ತೊದಲುತ್ತಿದ್ದಳು.

ಸರ ಹೋದ ಸಾಯಂಕಾಲ ಮಹದೇವಪ್ಪನವರ ಬ್ಯಾರನ್ ಮನೆಯಲ್ಲಿ ಬೆಂಕಿ ಹಾಕಿ ಹೊಗೆಸೊಪ್ಪು ಬೇಯಿಸ್ತಿದ್ದೆ ಅಂತ ನೀನು ಬಡ್ಕೊಂಡೆಯಲ್ಲ, ಅವರನ್ನೂ ಕೇಳಿದೆ. “ಇಲ್ಲೇ ಇದ್ದ ಕಣ್ಲಾ. ಬೆಂಕಿ ಬುಟ್ಟು ಎದ್ದೋಗಿದ್ರೆ ಸೊಪ್ಪು ಈ ಬಣ್ಣ ಬತ್ತಿತ್ತಾ?” ಅಂದರು. ಮತ್ತೆ ಪೊಲೀಸರಿಗೆ ಯಾಕೆ ಹೇಳಲಿಲ್ಲ ಅಂದರೆ, “ಅವ್ರು ಕೇಳ್ದೆ ನಾನೆಂಗ್ಲಾ ಓಗಿ ಯೋಳಾದು, ಮರ್ವಾದೆನಾ?” ನಮ್ಮೂರಿನ ಮರ್ಯಾದೆಗೆ ನೀನು ಒಳಗೆ ಕೂತಿದ್ದೀಯ. ಸೋಮವಾರ ಬಂದು ಹೇಳಿಕೆ ಕೊಡಲು ಒಪ್ಪಿದ್ದಾರೆ.

ಉಚಿತ ಕಾನೂನು ನೆರವಿನ ಲಾಯರ್ ಪದ್ಮಶ್ರೀ ಮೇಡಂಗೆ ಎಲ್ಲ ಒಪ್ಪಿಸಿದೆ. ಮಂಗಳಾರತಿಯೂ ಆಯ್ತು. “ಸಾಕ್ಷಿ ಮನೆಗೆ ಇನ್ನೊಂದ್ಸಲ ಕಾಲಿಟ್ರೆ ನಿಮ್ಮಾವನ ಪಕ್ಕದಲ್ಲೇ ನಿನಗೂ ಚಾಪೆ ಹಾಸ್ತಾರೆ” ಅಂದರು. ನಿನ್ನ ಗೊರಕೆಗೆ ಹೆದರಿ ಸುಮ್ಮನಾದೆ.

ಅಜ್ಜಿಯ ಆಶೀರ್ವಾದ, ಅವ್ವನ ಕಣ್ಣೀರು, ಬೀದಿನಾಯಿಯ ಬಾಲದಾಟ ಎಲ್ಲವೂ ತಮಗೆ ಸಲ್ಲತಕ್ಕದ್ದು.

ತಮ್ಮ ಪಾದಧೂಳಿ,
ಕಿರಣ್‌ಕುಮಾರ್

ತಾ.ಕ.: ಬುಧವಾರ ತಹಶೀಲ್ದಾರರು ಜೈಲಿಗೇ ಬಂದು ಗುರುತು ಪರೇಡು ಮಾಡಿಸ್ತಾರೆ. ಸಾಲಿನಲ್ಲಿ ನಿಲ್ಲಿಸಿದರೆ ಬೀರಮ್ಮ ನೆಟ್ಟಗೆ ನಿನ್ನ ಹತ್ತಿರವೇ ಬರ್ತಾಳೆ. ಮೇಡಂ ಅರ್ಜಿ ಕೊಡ್ತಾರೆ, ಆದರೂ ಅವಳು ಒಳಗೆ ಬರುವ ಮುಂಚೆ ನೀನೂ ತಹಶೀಲ್ದಾರರಿಗೆ ಹೇಳಬೇಕಂತೆ: “ನನ್ನ ಫೋಟೊ ಆಯಮ್ಮಂಗೆ ಮೊದಲೇ ತೋರಿಸವ್ರೆ, ಬರ್ಕೊಳ್ಳಿ ಸ್ವಾಮಿ.” ದೊಡ್ಡವರ ಮುಂದೆ ಕೈಕಟ್ಟಿ ನೆಲ ನೋಡುವ ಅಭ್ಯಾಸ ಅವತ್ತೊಂದು ದಿನ ಬುಡು ಮಾವ. ಸುಮ್ಮನಿದ್ದರೆ ಒಪ್ಪಿಕೊಂಡ ಅಂದ್ಕೋತಾರೆ.

ಬೀರಮ್ಮನ್ನ ಬೈಕೋಬೇಡ. ಪೊಲೀಸರು ಅಷ್ಟು ಧೈರ್ಯವಾಗಿ ಹೇಳಿದ್ದು ಕೇಳಿ ನಾನೂ ಸರ ಕಿತ್ತವನು ನೀನೇ ಅಂದ್ಕೊಂಡಿದ್ದೆ. ಮಹದೇವಪ್ಪನವರ ಹತ್ತಿರ ಹೋಗಿದ್ದು ನಿನ್ನ ಬಿಡಿಸೋಕಲ್ಲ, ನೀನು ಹೇಳಿದ್ದು ನನಗೇ ನಂಬಿಕೆ ಬರಲಿಲ್ಲ ಅಂತ.