ತೊಂಬತ್ತೆಂಟಕ್ಕೆ ಆರಿಹೋಗುತ್ತಿದ್ದ ಗಣಕ

ಶಹಾಬಾದ ಕೆಳಪೇಟೆ
ಇಸವಿ ೨೨೦೯, ಮರುವೈಶಾಖದ ಆರನೆಯ ದಿನ

ನಮ್ಮ ಅಜ್ಜನ ಅಜ್ಜನಿಗೂ ಹಿರಿಯರಾದ ನಿಮಗೆ ಚಂದಮ್ಮನ ಶರಣು.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮಗೆ ವೈಶಾಖ ಎರಡು ಸಲ ಬರುತ್ತದೆ. ಬೇಸಿಗೆಯು ತನ್ನ ತಿಂಗಳುಗಳಲ್ಲಿ ಹಿಡಿಸದೆ ಹೋದಾಗ ಹಿರಿಯರು ಉಳಿದ ತಿಂಗಳುಗಳಿಂದ ಒಂದೆರಡು ದಿನ ಕಿತ್ತು ಈ ಹದಿಮೂರನೆಯದನ್ನು ಕಟ್ಟಿದರು. ನನ್ನ ಮಾತುಗಳಲ್ಲಿ ಅರ್ಧ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಈಗಲೇ ಕ್ಷಮೆ ಕೇಳಿಬಿಡುತ್ತೇನೆ. ನಿಮ್ಮ ಮಾತುಗಳಲ್ಲಿ ಅರ್ಧ ನನಗೂ ಹಾಗೆಯೇ. ಈ ಕಾಗದ ನಿಮ್ಮ ಕೈಗೆ ಬಂದದ್ದು ಹೇಗೆಂದು ಮಾತ್ರ ಕೇಳಬೇಡಿ. ಅದನ್ನು ಹೇಳಲು ಕೂತರೆ ಹೇಳಬೇಕಾದ್ದು ಉಳಿದುಹೋಗುತ್ತದೆ. ಹೇಳಬೇಕಾದ್ದು ಇಷ್ಟು: ನನ್ನ ತಮ್ಮ ಭೀಮಶಾ ಬದುಕಿದ್ದಾನೆ. ಹೋದ ವಾರ ಈ ವಾಕ್ಯ ಬರೆಯುತ್ತೇನೆಂಬ ಭರವಸೆ ನನಗಿರಲಿಲ್ಲ.

ನೀವು ಕಲ್ಲು ಕಿತ್ತು ಬಿಟ್ಟುಹೋದ ಗಣಿಗಳಲ್ಲಿ ನಾವು ವಾಸವಾಗಿದ್ದೇವೆ. ಗಣಿಯ ಗೋಡೆಯನ್ನು ಕೊರೆದು ಮಾಡಿದ ಮನೆಗಳು, ಒಂದರ ಹಿಂದೆ ಒಂದರಂತೆ ಎರಡು ಬಾಗಿಲು, ಕಿಟಕಿಯಂತೂ ಇಲ್ಲವೇ ಇಲ್ಲ. ಮೇಲಿನಿಂದ ಇಳಿಯುವ ಉರಿಗಾಳಿ ನಮ್ಮ ಪಾಲಿನ ಕಳ್ಳ. ಮನೆಗೆ ಬಂದವರನ್ನು ನೀವು ಊಟವಾಯಿತೇ ಎಂದು ಕೇಳುತ್ತಿದ್ದಿರಂತೆ. ನಾವು ಗಾಳಿ ಮುಚ್ಚಿ ಬಂದಿರಾ ಎಂದು ಕೇಳುತ್ತೇವೆ. ಬಾಗಿಲ ಮೇಲೊಂದು ಗಾಳಿಗಂಡಿ ಇರುತ್ತದೆ, ಆದರೆ ಮನೆಯಲ್ಲಿ ಸಾವಾದಾಗ ಮಾತ್ರ ಅದನ್ನು ತೆರೆಯುತ್ತೇವೆ, ಹೋದ ಜೀವಕ್ಕೆ ದಾರಿಯಾಗಲೆಂದು. ನಡೆಯುವುದಕ್ಕಿಂತ ಮೊದಲೇ ನಮ್ಮ ಮಕ್ಕಳು ಸಂದಿಗೆ ಜೇನುಮೇಣ ಮೆತ್ತುವುದನ್ನು ಕಲಿಯುತ್ತಾರೆ. ಕಾವನ್ನು ನಾವು ಒಂದು ತಾಸಿನಲ್ಲಿ ಒದ್ದೆ ಬಟ್ಟೆ ಎಷ್ಟು ಸಲ ಒಣಗುತ್ತದೆ ಎಂಬುದರ ಮೇಲೆ ಅಳೆಯುತ್ತೇವೆ. ಇವತ್ತು ಎಂಟು ಒಣಗು ಎಂದರೆ ಹೊರಗೆ ಕಾಲಿಡಬೇಡ ಎಂದರ್ಥ. ಇನ್ನು ನಮ್ಮ ಬೆಳಕುಗಣಕಗಳೋ, ಅಂಗೈಯಗಲದ ಗಾಜಿನ ಹಲಗೆಗಳು. ಬೆಳಕಿನಿಂದಲೇ ಲೆಕ್ಕ ಮಾಡುತ್ತವೆ, ಎಷ್ಟು ದುಡಿಸಿದರೂ ತಣ್ಣಗೇ ಇರುತ್ತವೆ. ಬಿಸಿ ಎಂಬುದು ಯಾವಾಗಲೂ ಹೊರಗಿನಿಂದ ಒಳಗೆ ಬರುವಂಥದ್ದು ಎಂದು ನಾವೆಲ್ಲ ನಂಬಿಕೊಂಡಿದ್ದೆವು.

ಭೀಮಶಾನ ಎದೆಯಲ್ಲಿ ಒಂದು ಗತಿಗಾರ ಇದೆ. ಹೃದಯ ತಾಳ ತಪ್ಪಿದಾಗ ಅದನ್ನು ತಟ್ಟಿ ದಾರಿಗೆ ತರುವ ಪುಟ್ಟ ಯಂತ್ರ ಅದು, ಬಹಳ ಹಳೆಯ ಮಾದರಿಯದು. ಅದನ್ನು ತೆಗೆದು ಹೊಸದು ಕೂಡಿಸಲು ಹೋದರೆ ಅವನ ಹೃದಯ ತಡೆಯಲಾರದು ಎಂದು ಡಾಕ್ಟರ್ ನುಸ್ರತ್ ಹೇಳಿದ್ದಾರೆ. ಪ್ರತಿ ಬೇಸಿಗೆಗೂ ಮುಂಚೆ ಅದರ ಬಡಿತವನ್ನು ಹೊಸದಾಗಿ ಹೊಂದಿಸಬೇಕು. ಹೊಂದಿಸುವ ತಂತ್ರಾಂಶ ನಡೆಯುವುದು ನಿಮ್ಮ ಕಾಲದ ಮೇಜುಗಣಕದಲ್ಲಿ ಮಾತ್ರ, ಗಾಜಿನ ಹಲಗೆಗಳಿಗೆ ಆ ಭಾಷೆ ಬಾರದು. ಮೇಜುಗಣಕ ಎಂದರೆ ನಿಮ್ಮ ಮನೆ, ಕಚೇರಿಗಳಲ್ಲಿ ಕೂತಿರುತ್ತದಲ್ಲ, ಆ ಕಪ್ಪು ತಗಡಿನ ಪೆಟ್ಟಿಗೆ. ಈ ಊರಿಗೆ ಉಳಿದಿರುವುದು ಅದೊಂದೇ. ನಮ್ಮ ಅಪ್ಪ ಅದನ್ನು ಮೇಲ್ಪೇಟೆಯ ಹಳೆ ಶಾಲೆಯಲ್ಲಿ ಇಟ್ಟುಕೊಂಡು, ಯಾರನ್ನೂ ಹತ್ತಿರ ಬಿಡದೆ, ತಾನೇ ನಡೆಸುತ್ತಿದ್ದ. ಈ ಚಳಿಗಾಲ ಅಪ್ಪ ಹೋದ. ಗಣಕ ನಮ್ಮ ಮನೆಗೆ ಬಂತು.

ಬಂದ ದಿನವೇ ಅದು ಸೋದರತ್ತೆ ಗುಂಡಮ್ಮನ ಕೈಗೆ ಸಿಕ್ಕಿತು. ತಮ್ಮನನ್ನು ಎತ್ತಿ ಆಡಿಸಿದ ಜೀವ ಆಕೆ. ಅವನ ಪ್ರಾಣ ಇದರಲ್ಲಿದೆ ಎಂದು ತಿಳಿದ ಮೇಲೆ ಸುಮ್ಮನಿರುತ್ತಾಳೆಯೇ? ಪೆಟ್ಟಿಗೆಯ ತೂತು ತೂತಿಗೂ ಮೇಣ ಮೆತ್ತಿದಳು. ಮೇಲೆ ಗೋಣಿ ಸುತ್ತಿ, ನೀರಿನ ಕೊಡಕ್ಕೆ ಮಾಡುವಂತೆ ನೀರು ಚಿಮುಕಿಸಿದಳು. ಒಳಗೆ ನೀರು ಹೋಗದೆ ಉಳಿದದ್ದು ಆ ಮೇಣದ ಪುಣ್ಯ. ತಂಪಾದ ಒಳಕೋಣೆಯ ಮೂಲೆಗೆ, ಗೋಡೆಗೆ ಒತ್ತಿ ಕೂಡಿಸಿದಳು. ನನಗೂ ಅದು ಸರಿಯೆಂದೇ ಕಂಡಿತ್ತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಭೀಮಶಾ ಗಣಿಯ ಇಳಿಜಾರು ಹತ್ತುವಾಗ ಎರಡು ಸಲ ಬಿದ್ದಿದ್ದ. ಮರುವೈಶಾಖ ಹುಟ್ಟುವುದರೊಳಗೆ ಹೊಂದಿಸದಿದ್ದರೆ ಈ ಬೇಸಿಗೆ ಅವನು ದಾಟುವುದಿಲ್ಲ ಎಂದು ಡಾಕ್ಟರು ಅಡ್ಡಗೋಡೆಯ ಮೇಲೆ ದೀಪವಿಡದೆ ನೇರವಾಗಿ ಹೇಳಿದರು. ಅವನನ್ನು ಗಣಕದ ಪಕ್ಕದಲ್ಲಿ ಮಲಗಿಸಿ ಕೆಲಸ ಶುರು ಮಾಡಿದೆವು. ಮನೆಮಂದಿಗೆಲ್ಲ ರೊಟ್ಟಿ ಬಡಿಯುವಷ್ಟು ಹೊತ್ತು ಅದು ನಿಲ್ಲದೆ ನಡೆಯಬೇಕು. ಪರದೆಯ ಮೂಲೆಯಲ್ಲಿ ಒಂದು ಅಂಕಿ, ಅದರ ತಲೆಯ ಪಕ್ಕ ಸಣ್ಣ ಉಂಗುರ. ಅಂಕಿ ಏರತೊಡಗಿತು. ಎಪ್ಪತ್ತು, ಎಂಬತ್ತು, ತೊಂಬತ್ತು. ನೂರಕ್ಕೆ ಕೆಲಸ ಮುಗಿಯುತ್ತದೆ ಎಂದುಕೊಂಡು ನಮಗೆಲ್ಲ ಎಲ್ಲಿಲ್ಲದ ಖುಷಿ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಅತ್ತೆ ಹೂರಣ ರುಬ್ಬಲು ಕೂತಳು. ತೊಂಬತ್ತೆಂಟಕ್ಕೆ ಬಂದ ಗಣಕ ಗಪ್ಪನೆ ಆರಿಹೋಯಿತು.

ಮತ್ತೆ ಹೊತ್ತಿಸಿದೆವು. ಮತ್ತೆ ತೊಂಬತ್ತೆಂಟಕ್ಕೇ ಆರಿತು. ಅತ್ತೆ ಇನ್ನೊಂದು ಗೋಣಿ ತಂದು ಸುತ್ತಿದಳು. ಮೂರನೆಯ ಸಲಕ್ಕೆ ತಮ್ಮನ ತುಟಿ ಕಪ್ಪಗಾಗಿತ್ತು. ನಿಲ್ಲಿಸೋಣವೇ ಎಂದು ನಾನು ಕೇಳಿದರೆ, ಆ ಸ್ಥಿತಿಯಲ್ಲೂ ನನಗೇ ಧೈರ್ಯ ಹೇಳಿದ.

“ಅಕ್ಕಾ, ಇನ್ನ ಎಂಟೇ ಉಳದಾವ. ಸುಮ್ನ ಕೂಡು.”

ಸುಮ್ಮನೆ ಕೂಡುವುದು ನನ್ನ ಜಾಯಮಾನವಲ್ಲ. ಕೆಲಸವನ್ನು ತಡೆದು ನಿಲ್ಲಿಸಿ ಅವನ ಮುಖ ಒರೆಸಿದೆ. ಒರೆಸುತ್ತ ಪರದೆ ನೋಡಿದರೆ ಅಂಕಿ ಇಳಿಯುತ್ತಿದೆ. ತೊಂಬತ್ತೆರಡು ಇದ್ದದ್ದು ಎಂಬತ್ತೈದಾಯಿತು, ಎಂಬತ್ತಕ್ಕೂ ಕೆಳಗೆ ಬಂತು. ನನಗೆ ರೇಗಿಹೋಯಿತು. ಮುಗಿದ ಕೆಲಸ ತಿರುಗಿ ಮುಗಿಯದೆ ಹೋಗುತ್ತದೆಯೇ? ಬೆಂದ ಅನ್ನ ಮತ್ತೆ ಅಕ್ಕಿಯಾಗುವುದುಂಟೇ? ದುಡಿದರೆ ಏರಿ, ಸುಮ್ಮನಿದ್ದರೆ ಇಳಿಯುವುದು ಏನಿದ್ದೀತು ಎಂದು ಯೋಚಿಸುತ್ತ ಗೋಣಿಯೊಳಗೆ ಕೈ ತೂರಿಸಿ ಪೆಟ್ಟಿಗೆಯನ್ನು ಮುಟ್ಟಿದೆ. ಕೈ ಹಿಂದಕ್ಕೆ ಎಳೆದುಕೊಂಡೆ. ಹೊರಗೆಲ್ಲ ಒದ್ದೆ, ಕೋಣೆಯೆಲ್ಲ ತಂಪು, ತಗಡು ಮಾತ್ರ ರೊಟ್ಟಿಯ ಹಂಚಿನಂತೆ ಸುಡುತ್ತಿತ್ತು. ಅದರ ಬಿಸಿ ಹೊರಗಿನಿಂದ ಬಂದದ್ದಲ್ಲ, ಅದರ ಹೊಟ್ಟೆಯೊಳಗೇ ಹುಟ್ಟಿದ್ದು. ಆ ಅಂಕಿ ಅದರ ಜ್ವರ.

ಡಾಕ್ಟರನ್ನು ಕೂಗಿದೆ. ಅವರು ಗಣಕದ ಸಹಾಯಪುಟಗಳನ್ನು ತಮ್ಮ ಗಾಜಿನ ಹಲಗೆಗೆ ಓದಿಸಿ ನನ್ನ ಮಾತನ್ನು ಖಾತ್ರಿ ಮಾಡಿದರು. ಒಳಗೆ ಪ್ರೊಸೆಸರ್ ಎಂಬ ಬಿಲ್ಲೆ ಇದೆ, ಲೆಕ್ಕವೆಲ್ಲ ಮಾಡುವುದು ಅದೇ. ನೂರರ ಹತ್ತಿರ ಬಂದರೆ ಸುಟ್ಟುಹೋಗುವ ಬದಲು ತಾನಾಗಿ ಆರಿಬಿಡುತ್ತದೆ. ಇದನ್ನು ಹೇಳಿದಾಗ ಅತ್ತೆ ಗೋಣಿಗಳನ್ನು ಕಿತ್ತೆಸೆದಳು.

“ಗಾಳಿ ತಾಕಬಾರ್ದಂತ ಮುಚ್ಚಿದ್ದೆ ನಾ. ಅದರ ಉಸುರೇ ಕಟ್ಟಿಸಿದ್ನಲ್ಲ ಚಂದಿ.”

ಅಳಲು ಆಮೇಲೆ ಬೇಕಾದಷ್ಟು ಹೊತ್ತಿದೆ ಎಂದು ಗದರಿಸಿ ಆಕೆಯ ಕೈಗೆ ಕೂದಲಿನ ಪಿನ್ನು ಕೊಟ್ಟೆ, ಮೇಣ ಕೀಳಲು. ವಿದ್ಯುತ್ತಿನ ತಂತಿ ಕಿತ್ತು, ಗಣಕ ತಣ್ಣಗಾಗುವವರೆಗೆ ಕಾದು, ಪಕ್ಕದ ತಗಡು ಬಿಚ್ಚಿದೆವು. ಪ್ರೊಸೆಸರಿನ ಮೇಲೆ ತೆಳುವಾದ ಲೋಹದ ಹಾಳೆಗಳ ಕಟ್ಟು, ಅದರ ಮೇಲೆ ಫ್ಯಾನು. ನಡುವೆ ಅಪ್ಪನ ಕಾಲದ ಧೂಳಿಗೆ ಅತ್ತೆಯ ಗೋಣಿಯ ನಾರು ಸೇರಿ ಕಂಬಳಿಯ ತುಂಡಿನಂತೆ ಗಟ್ಟಿಯಾಗಿತ್ತು. ಫ್ಯಾನು ತಿರುಗದಂತೆ ಬೆರಳಿನಲ್ಲಿ ಹಿಡಿದುಕೊಂಡು, ಹಿಟ್ಟು ಬಳಿಯುವ ಕುಂಚದಿಂದ ಎಲ್ಲವನ್ನೂ ಕೆಡವಿದೆ. ಕಟ್ಟನ್ನು ಎತ್ತಿ ನೋಡಿದರೆ ಬಿಲ್ಲೆಗೂ ಅದಕ್ಕೂ ನಡುವೆ ಹಚ್ಚಿದ್ದ ಮುಲಾಮು ಸುಣ್ಣದ ಡಬ್ಬಿಯಲ್ಲಿ ಒಣಗಿದ ಸುಣ್ಣವಾಗಿತ್ತು. ಬಿಸಿಯನ್ನು ಬಿಲ್ಲೆಯಿಂದ ಲೋಹಕ್ಕೆ ದಾಟಿಸುವುದೇ ಆ ಮುಲಾಮು. ಸ್ಪಿರಿಟ್ಟಿನಲ್ಲಿ ಅದನ್ನು ಒರೆಸಿ ತೆಗೆದೆ. ಬಿಸಿಲು ಹಿಡಿಯುವ ತಟ್ಟೆಗಳ ಕೀಲಿಗೆ ನಾವು ಹಚ್ಚುವ ಬೂದುಮುಲಾಮಿನದೂ ಅದೇ ಕೆಲಸ, ಅದರಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಅದನ್ನೇ ತಂದು ನಡುವೆ ತೊಗರಿಕಾಳಿನಷ್ಟು ಇಟ್ಟೆ. ಅತ್ತೆಗೆ ಸಮಾಧಾನವಿಲ್ಲ, ರೊಟ್ಟಿಗೆ ಬೆಣ್ಣೆ ಬಳಿದಂತೆ ಬಳಿಯಬೇಕೆಂಬ ಆಸೆ. ಅತಿಯಾದರೆ ಅಮೃತವೂ ವಿಷ, ಕೈ ತೆಗಿ ಎಂದೆ. ಕಟ್ಟನ್ನು ಮೇಲೆ ಕೂಡಿಸಿ ಎದುರುಬದುರಿನ ತಿರುಪುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿದೆ.

ಗೋಡೆಯಿಂದ ದೂರ ಸರಿಸಿದರೂ ಕೋಣೆಯ ಗಾಳಿ ನಿಂತಲ್ಲೇ ನಿಂತಿತ್ತು. ಗಣಕದಿಂದ ಹೊರಬಿದ್ದ ಬಿಸಿ ಹೋಗುವುದೆಲ್ಲಿಗೆ? ಗಾಳಿಗಂಡಿ ತೆರೆಯಬೇಕು ಎಂದೆ. ಬದುಕಿರುವ ಹುಡುಗನನ್ನು ಮಲಗಿಸಿಕೊಂಡು ಗಂಡಿ ತೆರೆಯುತ್ತೀಯಾ ಎಂದು ಅತ್ತೆ ನನ್ನ ಕೈ ಹಿಡಿದಳು. ನಾನೂ ಅದೇ ನಂಬಿಕೆಯಲ್ಲಿ ಬೆಳೆದವಳು. ಆದರೂ ತೆರೆದೆ. ಗಣಕ ಹೊತ್ತಿಸಿದೆ.

ಐವತ್ತು, ಅರವತ್ತು, ಅರವತ್ತೆಂಟು. ಅಲ್ಲೇ ನಿಂತಿತು. ರೊಟ್ಟಿ ಬಡಿಯುವ ಹೊತ್ತೆಲ್ಲ ಅಲ್ಲೇ ಆಚೀಚೆ ಆಡಿತು, ಎಪ್ಪತ್ತೆರಡನ್ನು ದಾಟಲಿಲ್ಲ. ಕೆಲಸ ಮುಗಿಯಿತು ಎಂದು ಡಾಕ್ಟರು ಹೇಳಿದಾಗ ನನಗೆ ಹೋದ ಜೀವ ಬಂದಂತಾಯಿತು. ತಮ್ಮನ ತುಟಿಗೆ ಬಣ್ಣ ಮರಳುವುದನ್ನು ನೋಡುತ್ತ ಗೋಡೆಗೆ ಒರಗಿ ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ಅಷ್ಟರಲ್ಲಿ ಹೊರಗೆ ಗೋಳು ಕೇಳಿಸಿತು. ಗಂಡಿ ತೆರೆದದ್ದನ್ನು ಕಂಡು ಅರ್ಧ ಪೇಟೆ ಅಳುತ್ತ ಬಂದುಬಿಟ್ಟಿತ್ತು. ಒಳಗೆ ನುಗ್ಗಿದವರ ಎದುರಿಗೆ ಭೀಮಶಾ ಎದ್ದು ಕೂತು ಅಂಬಲಿ ಕುಡಿಯುತ್ತಿದ್ದ.

“ಯಾರು ಸತ್ತಾರ? ನನಗೂ ಹೇಳ್ರಿ,” ಎಂದ.

ನಗುವುದೋ ಬೈಯುವುದೋ ತಿಳಿಯದೆ ಅವರು ಅತ್ತೆಯ ಹೂರಣಕ್ಕೆ ಕೈ ಹಾಕಿದರು. ನಿನ್ನೆ ಅವನು ಒಬ್ಬನೇ ಇಳಿಜಾರು ಹತ್ತಿದ. ನಾನು ಹಿಂದೆಯೇ ಹೋದೆ, ಬರಬೇಡ ಎಂದು ಬೈಸಿಕೊಂಡು ಸಂತೋಷಪಟ್ಟೆ.

ಇನ್ನು ನನ್ನ ಕೋರಿಕೆ. ಅಂಥ ಗಣಕ ಸುಮ್ಮನಿದ್ದಾಗ ನಿಮ್ಮ ಸೆಲ್ಸಿಯಸ್ ಡಿಗ್ರಿಯಲ್ಲಿ ನಲವತ್ತರ ಆಸುಪಾಸು, ದುಡಿಯುವಾಗ ಎಪ್ಪತ್ತರ ಆಸುಪಾಸು ಇದ್ದರೆ ಕ್ಷೇಮ. ಎಂಬತ್ತೈದು ದಾಟಿದರೆ ಕಣ್ಣಿಡಿ, ತೊಂಬತ್ತೈದಕ್ಕೆ ಹೋಗಿ ಕೂತರೆ ಕೆಲಸ ನಿಲ್ಲಿಸಿ ತಗಡು ಬಿಚ್ಚಿ. ಒಂದೊಂದು ಪ್ರೊಸೆಸರಿನ ಮಿತಿ ಒಂದೊಂದು, ನಿಮ್ಮದರ ಮಿತಿಯನ್ನು ವಿಚಾರಿಸಿಕೊಳ್ಳಿ. ಈ ಕಾಗದ ಓದಿ ಮುಗಿಸಿದ ಮೇಲೆ ಗಣಕದ ಹಿಂದೆ ಒಮ್ಮೆ ಅಂಗೈ ಹಿಡಿಯಿರಿ. ಬಿಸಿಗಾಳಿ ಹೊರಗೆ ಬರುತ್ತಿದ್ದರೆ ಅದು ಉಸಿರಾಡುತ್ತಿದೆ. ಪೆಟ್ಟಿಗೆ ಸುಡುತ್ತಿದ್ದು ಗಾಳಿ ಮಾತ್ರ ಬಾರದಿದ್ದರೆ ದಯವಿಟ್ಟು ನಾಳೆಗೆಂದು ಬಿಡಬೇಡಿ.

ನಮ್ಮ ಗಣಕ ನಿಮ್ಮ ಕಾಲದಲ್ಲಿ ಯಾರ ಮನೆಯಲ್ಲಿತ್ತೋ ನಮಗೆ ಗೊತ್ತಿಲ್ಲ, ಅದಕ್ಕೇ ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ. ಅದು ನಿಮ್ಮದೇ ಇರಬಹುದು. ನನ್ನ ತಮ್ಮನ ಜೀವ ಸದ್ಯಕ್ಕೆ ನಿಮ್ಮ ಮೇಜಿನ ಮೇಲಿದೆ. ಧೂಳು ಒರೆಸಿಡಿ.

ನಿಮ್ಮ
ಚಂದಮ್ಮ